ಡ್ರೈವರ್ ನಿಲ್ಲಿಸಿದ ಹೋಟೆಲ್

ಡ್ರೈವರ್ ಯಾವ ಹೋಟೆಲಿನ ಮುಂದೆ ಬ್ರೇಕ್ ಹಾಕಿದರೂ ಹಿಂದೆ ಕೂತವರಿಗೆ ಅನುಮಾನ ಬಂದೇ ಬರುತ್ತದೆ. ಆಳಂದದಲ್ಲಿ ಬಾಡಿಗೆ ಗಾಡಿ ಇಟ್ಟುಕೊಂಡ ಇಷ್ಟು ವರ್ಷಗಳಲ್ಲಿ ಇದು ತಪ್ಪಿದ್ದನ್ನು ನಾನು ಕಂಡಿಲ್ಲ. ಗಿರಾಕಿಗಳನ್ನು ಕರೆತಂದ ಡ್ರೈವರಿಗೆ ಹೋಟೆಲಿನವರು ಪುಕ್ಕಟೆ ಊಟ ಹಾಕುತ್ತಾರೆ, ಅದು ಸುಳ್ಳಲ್ಲ. ಆದರೆ ನನಗೂ ನಾಲಿಗೆ ಇದೆ, ಕೆಟ್ಟ ಊಟ ಪುಕ್ಕಟೆ ಸಿಕ್ಕರೂ ಕೆಟ್ಟದ್ದೇ ಅಲ್ಲವೇ ಎಂದರೆ ಯಾರೂ ನಂಬುವುದಿಲ್ಲ. ಇವರ ಅನುಮಾನ ಮುಗಿಯುವ ತನಕ ಮಕ್ಕಳು ಹಸಿದು ಅಳುವುದು ಮಾತ್ರ ನನ್ನ ಕಿವಿಯ ಹಿಂದೆ.

೧. ಬ್ಯಾಡ ಅಂದದ್ದು

ಜೇವರ್ಗಿಯ ಕಿರಾಣಿ ಸಾಹುಕಾರರ ಕುಟುಂಬವನ್ನು ವಿಜಯಪುರಕ್ಕೆ ಕರೆದೊಯ್ದಿದ್ದೆ. ಗೋಲಗುಂಬಜದಲ್ಲಿ ಕೂಗಿ ಕೂಗಿ ಮಕ್ಕಳ ಹೊಟ್ಟೆ ಖಾಲಿಯಾಗಿತ್ತು. ಒಂದು ಒಳ್ಳೆಯ ಖಾನಾವಳಿ ತೋರಿಸಿದೆ.

"ಡ್ರೈವರ್ ತೋರ್ಸಾಕತ್ತಾನ ಅಂದ್ರ ಅದರಾಗ ಏನೋ ಅದ" ಎಂದು ಸಾಹುಕಾರರು ಹೆಂಡತಿಗೆ ಹೇಳಿದರು, ನನಗೆ ಕೇಳುವಷ್ಟು ಜೋರಾಗಿ. ಎರಡನೆಯದಕ್ಕೂ ಅದೇ ಮಾತು. ಮೂರನೆಯದು ಬಂದಾಗ ನಾನೇ ಮುಖ ಕಿವುಚಿಕೊಂಡು, "ಇದೊಂದು ಬ್ಯಾಡ್ರಿ ಸಾಹುಕಾರ್ರ" ಎಂದೆ.

"ಇಲ್ಲಿ ಇವಂಗ ಏನೂ ಸಿಗಂಗಿಲ್ಲ ಕಾಣ್ತದ. ನಿಲ್ಸೋ ಗಾಡಿ."

ಎಲ್ಲರೂ ಬೆರಳು ನೆಕ್ಕಿಕೊಂಡು ಉಂಡರು. ಚಲೋ ಹೋಟೆಲಿಗೇ ಬ್ಯಾಡ ಅಂದ ನನ್ನ ಆಟ ಫಲಿಸಿತೆಂದು ನನಗೂ ಭಾಳ ಹಿಗ್ಗಾಯಿತು.

ಮುಂದಿನ ಸಲ ಅವರನ್ನೇ ಸೋಲಾಪುರಕ್ಕೆ ಕರೆದೊಯ್ದೆ. ದಾರಿಯಲ್ಲೊಂದು ಹೋಟೆಲ್ ಇದೆ. ಅಲ್ಲಿ ಉಂಡು ನಾನೇ ಒಮ್ಮೆ ಹಾಸಿಗೆ ಹಿಡಿದಿದ್ದೆ. ಹಳೆಯ ಆಟ ಮರೆತು, ನಿಜವಾದ ಕಾಳಜಿಯಿಂದ "ಇದು ಬ್ಯಾಡ್ರಿ" ಎಂದುಬಿಟ್ಟೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಸಾಹುಕಾರರು ಇಳಿದಿದ್ದರು.

ವಾಪಸ್ ಬರುವಾಗ ಪೊದೆ ಕಂಡಲ್ಲೆಲ್ಲ ಗಾಡಿ ನಿಲ್ಲಿಸಬೇಕಾಯಿತು. "ನಾ ಬ್ಯಾಡ ಅಂದಿದ್ದೆನಲ್ರಿ" ಎಂದೆ.

ಹೊಟ್ಟೆ ಹಿಡಿದುಕೊಂಡೇ ಅವರು ಹೇಳಿದರು: "ಹೋದ ಸಲಾನೂ ಹಂಗೇ ಅಂದಿದ್ದಿ. ಖರೇ ಬ್ಯಾಡ ಅನ್ನೋದಿದ್ರ ಬ್ಯಾರೆ ಥರ ಹೇಳಬೇಕಿಲ್ಲೇನೋ?"

೨. ಆಯಿಯ ತಪಾಸಣೆ

ನಿಂಬರ್ಗಾದ ಒಂದು ಮನೆಯವರು ಮಕ್ಕಳ ಜೊತೆ ಅಜ್ಜಿಯನ್ನೂ ಸೋಲಾಪುರಕ್ಕೆ ಕರೆತಂದಿದ್ದರು. ಅಜ್ಜಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ನಾನು ನಿಲ್ಲಿಸಿದ ಹೋಟೆಲಿನ ಹೊರಗೆ ಶುದ್ಧ ಶಾಕಾಹಾರಿ ಎಂದು ಬೋರ್ಡೇ ಇತ್ತು.

"ಬೋರ್ಡ್ ಏನು, ಯಾರ್ ಬೇಕಾದವ್ರು ಬರಸ್ತಾರ. ಒಳಗ ಏನ್ ಬೇಯಿಸ್ತಾರ ನೋಡೇ ಬರ್ತೇನಿ" ಎಂದು ಆಯಿ ನೇರ ಅಡುಗೆಮನೆಗೆ ನಡೆದಳು. ಹೋದವಳು ಬರಲೇ ಇಲ್ಲ. ಮಕ್ಕಳು ತಾಟು ಬಡಿಯತೊಡಗಿದರು. ಗಾಬರಿಯಿಂದ ಹೋಗಿ ಇಣುಕಿದರೆ, ಆಯಿ ಸೆರಗು ಸಿಕ್ಕಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಾಳೆ. ಅಲ್ಲಿಯ ರೊಟ್ಟಿಯವಳು ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಾಳೆ.

"ಈಕಿ ದಪ್ಪ ಬಡ್ಯಾಕತ್ತಿದ್ಲು. ನೋಡಿ ಸುಮ್ನಿರಾಕ ಆಗಲಿಲ್ಲ" ಎಂದಳು ಆಯಿ.

ಬಿಸಿ ರೊಟ್ಟಿ ಬಂತು. ಮೊಮ್ಮಗ ಮುರಿದು, ಮೂಸಿ, ಅಳುವ ಮುಖ ಮಾಡಿದ. "ಮನ್ಯಾಗೂ ಆಯಿ ರೊಟ್ಟಿ, ಸೋಲಾಪುರದಾಗೂ ಆಯಿ ರೊಟ್ಟಿ!"

"ಬಾಯಿ ಮುಚ್ಕೊಂಡ್ ತಿನ್ನು" ಎಂದಳು ಆಯಿ. "ಮನ್ಯಾಗಿಂದು ಪುಕ್ಕಟೆ. ಇದಕ್ಕ ನಿಮ್ಮಪ್ಪ ರೊಕ್ಕ ಕೊಡಾಕತ್ತಾನ."

೩. ನನ್ನ ತಾಟು

ಅಫಜಲಪುರದ ವಕೀಲರೊಬ್ಬರದು ಇನ್ನೊಂದು ಥರದ ಅನುಮಾನ. ಹೋಟೆಲಿನವರು ಗಿರಾಕಿಗೆ ಒಂದು, ಡ್ರೈವರಿಗೆ ಒಂದು ಅಡುಗೆ ಮಾಡುತ್ತಾರೆ, ಚಲೋದು ಡ್ರೈವರಿಗೇ ಹೋಗುತ್ತದೆ ಎಂದು ಅವರ ವಾದ. ಹೈದರಾಬಾದಿನಲ್ಲಿ ನಾನು ಹೋಟೆಲಿನ ಹಿಂದೆ ಡ್ರೈವರುಗಳಿಗಿದ್ದ ಕೋಣೆಗೆ ಹೋಗಿ ಕೂತರೆ, ವಕೀಲರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೇ ಬಂದರು.

"ಇವಂಗ ಏನ್ ಕೊಡ್ತೀರಿ, ನಮಗೂ ಅದನ್ನೇ ಕೊಡ್ರಿ" ಎಂದು ಹೇಳಿಯೇಬಿಟ್ಟರು.

ಅಂದು ನನ್ನ ಹೊಟ್ಟೆ ಕೆಟ್ಟಿತ್ತು. ಮೆತ್ತಗಿನ ಅನ್ನ, ನೀರುಮಜ್ಜಿಗೆ ಸಾಕು, ಉಪ್ಪಿನಕಾಯಿ ಸಹ ಬೇಡ ಎಂದು ಹೇಳಿ ಕೂತಿದ್ದೆ. ಎಲ್ಲರ ತಾಟಿಗೂ ಅದೇ ಬಂತು. ಪುಲಾವು, ಐಸ್‌ಕ್ರೀಮ್ ಎಂದು ಊರಿನಿಂದಲೇ ಜಪ ಮಾಡುತ್ತ ಬಂದಿದ್ದ ಮಕ್ಕಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ವಕೀಲರು ಮಾತ್ರ ಎರಡು ತುತ್ತು ಬಾಯಲ್ಲಿ ಆಡಿಸಿ, ಹೆಂಡತಿಯ ಕಡೆ ತಿರುಗಿ ತಲೆಯಾಡಿಸಿದರು.

"ನೋಡಿದೇನು? ನಾವು ಬರೋದು ಕಂಡು ಅಡಗಿ ಬದಲಿ ಮಾಡ್ಯಾರ."

೪. ಮನೆಯವರ ಪಾಳಿ

ಹೊರಗಿನವರು ಹಾಗೆಂದರೆ ತಡೆದುಕೊಳ್ಳಬಹುದು. ನನ್ನ ಹೆಂಡತಿಯೂ ಅದೇ ಪೈಕಿ. ಮಗಳಿಗೆ ಕಲಬುರಗಿಯಲ್ಲಿ ಮಸಾಲೆ ದೋಸೆ ತಿನ್ನಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಒಂದು ಸಲವಾದರೂ ಮನೆಯವರು 'ಅಪ್ಪ ಚಲೋ ಊಟ ಮಾಡಿಸಿದ' ಎನ್ನಲಿ ಎಂದು ನನ್ನ ಆಸೆ. ಹೆಂಡತಿ ಹೊರಡುವಾಗಲೇ ಷರತ್ತು ಹಾಕಿದಳು: "ನಿಮ್ಮ ಗುರ್ತು ಇಲ್ಲದ ಹೋಟೆಲಿಗೆ ಕರ್ಕೊಂಡು ಹೋಗ್ರಿ. ಗುರ್ತು ಇದ್ದಲ್ಲಿ ನಮ್ಮನ್ನೂ ಗಿರಾಕಿ ಮಾಡ್ತೀರಿ."

ಮೊದಲನೆಯ ಹೋಟೆಲಿನಲ್ಲಿ ರೊಕ್ಕದ ಗಲ್ಲೆಯ ಮೇಲೆ ಕೂತವನು ನನ್ನನ್ನು ಕಂಡು ಕೈ ಎತ್ತಿದ. ಹೆಂಡತಿ ಮಕ್ಕಳನ್ನು ಎಳೆದುಕೊಂಡು ಹೊರಗೆ ಬಂದಳು. ಎರಡನೆಯದರಲ್ಲಿ ಬಾಗಿಲು ಕಾಯುವವನೇ "ಬರ್ರಿ ಡ್ರೈವರ್ ಸಾಬ್" ಎಂದ. ಮೂರನೆಯದಕ್ಕೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋದೆ. ಸಪ್ಲೈಯರ್ ಟವೆಲ್ ನೋಡಿ ಗುರುತು ಹಿಡಿದ. ಅಷ್ಟೊತ್ತಿಗೆ ಮಗ ಫುಟ್‌ಪಾತಿನ ಮೇಲೆ ಕೂತುಬಿಟ್ಟಿದ್ದ.

ಕೊನೆಗೆ ಹೆಂಡತಿಯೇ ಒಂದು ಗಲ್ಲಿಯಲ್ಲಿ ಹೋಟೆಲ್ ಹುಡುಕಿದಳು. ಒಳಗೆ ಒಬ್ಬ ಗಿರಾಕಿಯೂ ಇರಲಿಲ್ಲ. ನನ್ನನ್ನು ಯಾರೂ ಮಾತಾಡಿಸಲಿಲ್ಲ. ಅವಳ ಮುಖ ಅರಳಿತು. ದೋಸೆ ಒಂದು ಕಡೆ ಹಸಿ, ಇನ್ನೊಂದು ಕಡೆ ಕರ್ರಗೆ. ಸಾಂಬಾರಿನಲ್ಲಿ ಬೇಳೆ ಹುಡುಕಬೇಕಿತ್ತು. ತೊಗರಿ ಬೆಳೆಯುವ ಸೀಮೆಯಲ್ಲಿ ಇಂಥ ಸಾಂಬಾರ್ ಕಂಡು ನನಗೆ ಸಿಟ್ಟು ಬಂದಿತ್ತು. ಮಗಳು ಕಣ್ಣಲ್ಲಿ ನೀರು ತಂದುಕೊಂಡು ತಾಟು ಸರಿಸಿದಳು.

"ತಿನ್ನು. ಇದು ನಿಯತ್ತಿನ ಊಟ" ಎಂದಳು ಹೆಂಡತಿ, ಕಷ್ಟಪಟ್ಟು ನುಂಗುತ್ತ.

ಹೊರಗೆ ಬಂದು ನಾನು ಗಾಡಿಯ ಬಾಗಿಲು ತೆಗೆದೆ. ಹಿಂದೆಯೇ ಬಂದ ಮಾಲೀಕ ಗಾಡಿಯ ಹಳದಿ ನಂಬರ್ ಪ್ಲೇಟ್ ನೋಡಿದವನೇ ನನ್ನ ಕೈ ಹಿಡಿದುಕೊಂಡ.

"ನೀವು ಡ್ರೈವರ್ ಏನ್ರಿ? ಮೊದಲೇ ಹೇಳಬಾರದಾ? ಬರ್ರಿ ಒಳಗ, ನಿಮಗ ಬ್ಯಾರೆ ಬಿಸಿ ಊಟ ಹಾಕಸ್ತೇನಿ. ಇಂಥಾ ಗಿರಾಕಿ ಎಲ್ಲಿ ಸಿಕ್ಕಾರ್ರಿ ನಿಮಗ? ಆ ಸಾಂಬಾರ್ ಉಂಡೂ ಒಂದು ಮಾತು ಅನ್ನಲಿಲ್ಲ. ಇಂಥವರನ್ನೇ ಕರ್ಕೊಂಡು ಬರ್ರಿ."

ಇನ್ನು ಜೀವಮಾನವಿಡೀ ಇದನ್ನು ಕೇಳಬೇಕಲ್ಲ ಎಂದು ಹೆಂಡತಿಯ ಕಡೆ ತಿರುಗಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮಿಬ್ಬರ ನಡುವೆ ಬಂದು ನಿಂತಳು.

"ಅಣ್ಣಾರ, ಇವರು ಬರೇ ಗಾಡಿ ಹೊಡ್ದಾರ. ನಿಮ್ಮ ಹೋಟೆಲ್ ಹುಡುಕಿದಾಕಿ ನಾ. ಆ ಊಟ ಇವರಿಗ್ಯಾಕ್ರಿ, ನಮಗ ಹಾಕ್ರಿ."

ಗಾಡಿ ನೋಡಿಕೊಳ್ಳಲು ನನ್ನನ್ನು ಹೊರಗೆ ನಿಲ್ಲಿಸಿ ಮೂವರೂ ಒಳಗೆ ಹೋದರು.