ನಾನು ಈಜಿ ಸೇರಿದ ದ್ವೀಪ

ಅಂದು ಆ ದ್ವೀಪದ ದಡದಲ್ಲಿ ನಿಜವಾಗಿ ಏನು ನಡೆಯಿತು ಎನ್ನುವುದು ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಗೊತ್ತಾಗಲಿಕ್ಕೂ ಹದಿನಾಲ್ಕು ವರ್ಷ ಹಿಡಿಯಿತು. ಅಲ್ಲಿಯವರೆಗೆ ನಾನು ಸಮುದ್ರ ಈಜಿದವನು. ಆಳಂದದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಾನು, ಘಟನೆಗೆ ಒಬ್ಬನೇ ಸಾಕ್ಷಿಯಿದ್ದು ಅದರಿಂದ ಅವನಿಗೇ ಹೆಸರು ಬರುವಂತಿದ್ದರೆ ಅವನನ್ನು ಎರಡು ಸಲ ಪ್ರಶ್ನಿಸಬೇಕು ಎಂದು ಹುಡುಗರಿಗೆ ಹೇಳುತ್ತಿರುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಹತ್ತಿದ ಚಟ. ನನ್ನನ್ನು ಮಾತ್ರ ನಾನು ಒಂದು ಸಲವೂ ಪ್ರಶ್ನಿಸಿಕೊಂಡಿರಲಿಲ್ಲ. ಅದಕ್ಕೆ ಕಾರಣವಿದೆ. ನಮ್ಮ ಮನೆತನದಲ್ಲಿ ಎಲ್ಲರ ಹೆಸರಿಗೂ ಒಂದೊಂದು ಸಾಹಸವಿದೆ. ಅಣ್ಣ ಊರ ಗರಡಿಮನೆಯ ಗುಂಡು ಎತ್ತಿದವನು. ಕಾಕಾ ಒಂದೇ ಪಂಕ್ತಿಯಲ್ಲಿ ಹದಿನೆಂಟು ಹೋಳಿಗೆ ತಿಂದು, ಎದ್ದು ಹೊಲಕ್ಕೆ ಹೋದವರು. ನಾನು ಎತ್ತಿದ್ದು ಪುಸ್ತಕ, ತಿಂದದ್ದು ಸೀಮೆಸುಣ್ಣದ ಧೂಳು. ಇರುವ ಒಂದೇ ಒಂದು ಸಾಹಸವನ್ನು ಯಾರು ತಾನೇ ಪರೀಕ್ಷೆಗೆ ಒಡ್ಡುತ್ತಾರೆ?

ಅದು ಎಂಬತ್ತರ ದಶಕದ ಆರಂಭ. ನಾನು, ಗೆಳೆಯ ಮೈಬೂಬ, ಇಬ್ಬರೂ ಓದು ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದೆವು. ಮಲ್ಪೆಯ ಎದುರಿಗೆ ಸಮುದ್ರದಲ್ಲಿ ತೆಂಗಿನ ಮರಗಳ ದ್ವೀಪವೊಂದಿದೆ, ಯಾರು ಬೇಕಾದರೂ ಹೋಗಬಹುದು ಎಂದು ಯಾರೋ ಹೇಳಿದ್ದೇ ಸಾಕಾಯಿತು. ಲಾಡ್ಜಿಲ್ಲ, ಹೋಟೆಲ್ಲಿಲ್ಲ, ಬೆನ್ನಿಗೊಂದು ಚೀಲ ಅಷ್ಟೇ ಎಂದು ತೀರ್ಮಾನಿಸಿದೆವು. ಮೈಬೂಬನ ಅಬ್ಬಾ ಆಳಂದದ ಹತ್ತಿರದ ಖಜೂರಿ ಊರಿನಲ್ಲಿ ಲಾರಿಗಳ ಹರಿದ ತಾಡಪತ್ರಿ ಹೊಲಿಯುತ್ತಿದ್ದರು. ಅವರು ಹಳೆಯ ತಾಡಪತ್ರಿಯಿಂದಲೇ ನಮಗೆ ಎರಡು ಬೆನ್ನುಚೀಲ ಹೊಲಿದುಕೊಟ್ಟರು. ಹಾಕಿಕೊಂಡರೆ ಹಿಂದಿನಿಂದ ನಾವು ಎರಡು ಸಣ್ಣ ಲಾರಿಗಳಂತೆ ಕಾಣುತ್ತಿದ್ದೆವು. ಅವ್ವ ಮೂರು ದಿನ ಕುಳಿತು ಅರವತ್ತು ಖಡಕ್ ರೊಟ್ಟಿ ಮಾಡಿ, ಶೇಂಗಾ ಚಟ್ನಿಪುಡಿ, ಅಂದರೆ ನಮ್ಮ ಹಿಂಡಿಯ ಜೊತೆ ಧೋತರದ ತುಂಡಿನಲ್ಲಿ ಗಂಟು ಕಟ್ಟಿದಳು. "ಸಮುದ್ರಕ್ಕರ ಹೋಗು, ಎಲ್ಲಿಗರ ಹೋಗು. ರೊಟ್ಟಿ ತೋಯಿಸ್ಕೊಂಡು ಬಂದಿ ಅಂದ್ರ ಮನೀಗೆ ಬರಬ್ಯಾಡ" ಎಂದಳು. ಮೂರು ಬಸ್ಸು ಬದಲಿಸಿ ಉಡುಪಿಯಲ್ಲಿ ಇಳಿದು, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಗಂಟು ಬಿಚ್ಚಿದಾಗ ಪಕ್ಕದವರೊಬ್ಬರು, "ಇದೆಂಥ ಹಪ್ಪಳ ಮಾರಾಯ್ರೆ, ಇಷ್ಟು ದೊಡ್ಡದು?" ಎಂದರು. "ಹಪ್ಪಳ ಅಲ್ರಿ, ಊಟ" ಎಂದ ಮೈಬೂಬ.

ಇಲ್ಲಿ ನೀರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಭೀಮಾ ನದಿಯಿರುವುದು ಅಫಜಲಪುರ, ಜೇವರ್ಗಿಯವರಿಗೆ. ಅವರು ನೀರಿಗೆ ಮೆಲ್ಲಗೆ, ಹೆಜ್ಜೆ ಹೆಜ್ಜೆಯಾಗಿ ಇಳಿಯುವ ಜನ. ನಮ್ಮದು ಬಾವಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವನಿಗೆ ನೀರೆಂದರೆ ಒಂದೇ ತರಹ: ದಂಡೆ ಬಿಟ್ಟರೆ ಆಳ. ಅದಕ್ಕೆ ಇಳಿಯುವ ರೀತಿಯೂ ಒಂದೇ. ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿ ಬಂದು, ಮೊಣಕಾಲು ಎದೆಗೆ ಮಡಚಿ, ಗಟ್ಟಿಯಾಗಿ ಕೂಗಿ ಹಾರುವುದು.

ದೋಣಿ ದ್ವೀಪದ ಹತ್ತಿರ ಬಂದು ನಿಂತಿತು. ಅಲೆ ಕಲಕಿದ ನೀರಿನಲ್ಲಿ ತಳ ಕಾಣುತ್ತಿರಲಿಲ್ಲ. "ಇನ್ನು ಮುಂದೆ ದೋಣಿ ಹೋಗುದಿಲ್ಲ, ಇಲ್ಲಿಯೇ ಇಳೀರಿ" ಎಂದ ದೋಣಿಯವನು. ಉಳಿದವರೆಲ್ಲ ಪಂಚೆ ಎತ್ತಿಕಟ್ಟುತ್ತ ಹಿಂದೆಮುಂದೆ ನೋಡುತ್ತಿದ್ದರು. ನಾನು ನೋಡಲಿಲ್ಲ. ಕೂಗಿದೆ, ಹಾರಿದೆ. ಇಲ್ಲಿಂದ ಮುಂದಿನದು ನನ್ನ ನೆನಪಿನ ಪ್ರಕಾರ ಹೀಗೆ: ಮುಳುಗಿ ಎದ್ದೆ, ಬೆನ್ನಿಗೆ ಚೀಲ, ತಲೆಯ ಮೇಲೆ ರೊಟ್ಟಿಯ ಗಂಟು. ಒಂದು ಕೈಯಿಂದ ಗಂಟು ಹಿಡಿದು, ಇನ್ನೊಂದರಿಂದ ನೀರು ಸೀಳುತ್ತ ಹತ್ತು ನಿಮಿಷ ಈಜಿ ದಡ ಮುಟ್ಟಿದೆ. ದೋಣಿಯ ಜನ ಚಪ್ಪಾಳೆ ತಟ್ಟಿದರು. ದೋಣಿಯವನು, "ಎಂಥ ಈಜುದು ಮಾರಾಯ್ರೆ ನೀವು!" ಎಂದ. ಗಂಟು ಬಿಚ್ಚಿ ನೋಡಿದರೆ ಒಂದು ರೊಟ್ಟಿಯೂ ತೋಯ್ದಿರಲಿಲ್ಲ. ತೆಂಗಿನ ನೆರಳಿನಲ್ಲಿ ಕುಳಿತು, ಕಂಬದಂಥ ಕರಿಕಲ್ಲುಗಳಿಗೆ ಅಲೆ ಹೊಡೆಯುವುದನ್ನು ನೋಡುತ್ತ ಆ ರೊಟ್ಟಿ ಮುರಿದಾಗ ಬಂದ ಶಬ್ದ, ಅದೊಂದು ಮಾತ್ರ, ಇವತ್ತಿಗೂ ಕಿವಿಯಲ್ಲಿದೆ.

ಮುಂದೆ ಮೈಬೂಬ ಸೊಲ್ಲಾಪುರಕ್ಕೆ ಹೋಗಿ ಲಾರಿ ಧಂದೆಯಲ್ಲಿ ಮುಳುಗಿದ. ನಾನು ಈಜುತ್ತಲೇ ಇದ್ದೆ. ವರ್ಷದಿಂದ ವರ್ಷಕ್ಕೆ ಅಲೆ ಎತ್ತರವಾಯಿತು. ಸಂದೇಹಪಡುವವರಿಗೆಂದು "ಒಂದು ರೊಟ್ಟಿಯೂ ತೋಯಲಿಲ್ಲ" ಎಂಬ ಪುರಾವೆಯನ್ನೂ ಇಟ್ಟುಕೊಂಡಿದ್ದೆ. ಮಗಳು ಹುಟ್ಟಿ, ಅದೇ ಬಾವಿಯಲ್ಲಿ ಅದೇ ತರಹದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತಳು. ಐದನೆಯ ಇಯತ್ತೆಯಲ್ಲಿ 'ನನ್ನ ತಂದೆ' ಎಂಬ ಪ್ರಬಂಧದಲ್ಲಿ ಇಡೀ ಸಮುದ್ರವನ್ನು ಬರೆದು, ವರ್ಗದ ಮುಂದೆ ಓದಿ ಬಂದಳು. ಅದಾದ ವಾರಕ್ಕೆ ಮೈಬೂಬ ಊಟಕ್ಕೆ ಬಂದ.

"ಮೈಬೂಬ ಕಾಕಾ, ನಮ್ಮಪ್ಪ ಸಮುದ್ರ ಈಜಿದ್ದು ನೀವು ನೋಡೀರಿಲ್ಲ?" ಎಂದಳು ಮಗಳು, ಹೆಮ್ಮೆಯಿಂದ.

"ನೋಡೇನಿ ಬೇಟಾ" ಎಂದ ಮೈಬೂಬ. "ಅಂವ ಈಜಾಕತ್ತಿದ್ದ, ನಾ ಅವನ ಬಾಜೂಕ ನಡಕೋತ ಹೊಂಟಿದ್ದೆ."

ಬಡಿಸುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. "ನಡಕೋತ?"

"ಹೌದ್ರಿ ವೈನಿ. ಮೊಣಕಾಲಮಟ ನೀರು. ಎರಡೂ ಚೀಲ, ರೊಟ್ಟಿ ಗಂಟು, ಇವನ ಚಪ್ಪಲಿ ಸುದ್ದಾ ನನ್ನ ತಲಿಮ್ಯಾಗ. ಏಳಲೇ ಗುರ್ಯಾ ಅಂದೆ, ಕೇಳಲಿಲ್ಲ. ಕಣ್ಣ ಮುಚ್ಕೊಂಡು ಈಜೇ ಈಜಿದ. ದೋಣ್ಯಾಗಿನ ಮಂದಿ ನಕ್ಕೋತ ಚಪ್ಪಾಳಿ ಹೊಡದ್ರು."

ನನ್ನ ಹೆಂಡತಿ ಜೇವರ್ಗಿಯವಳು, ಭೀಮೆಯ ನೀರು ಕುಡಿದವಳು. ನನಗಿಂತ ಚೆನ್ನಾಗಿ ಸಾಕ್ಷಿ ವಿಚಾರಿಸುತ್ತಾಳೆ. "ಅದಕ್ಕೇ ಅಂತೀನಿ! ಮುಳುಗಿ ಎದ್ದಾಂವನ ತಲಿಮ್ಯಾಗಿನ ರೊಟ್ಟಿ ಹ್ಯಾಂಗ ತೋಯಲಿಲ್ಲ ಅಂತ. ಬಾವ್ಯಾಗಿನ ಕಪ್ಪಿ ಸಮುದ್ರಕ್ಕ ಹೋದ್ರ ಇನ್ನೇನು ಮಾಡ್ತದ?" ಹದಿನಾಲ್ಕು ವರ್ಷ ನಾನೇ ಹಿಡಿದು ತಿರುಗಿದ ಪುರಾವೆ ನನ್ನನ್ನೇ ಕಚ್ಚಿತ್ತು. ಸಮುದ್ರಕ್ಕೆ ಭರತ ಇಳಿತ ಇರುತ್ತದೆ, ನಾನು ಹಾರಿದಾಗ ಭರತವಿರಬೇಕು ಎಂದು ಏನೇನೋ ವಾದಿಸಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಗಳು ಮಾತ್ರ ನಗಲಿಲ್ಲ. "ಅಪ್ಪಾ, ಹಂಗಾರ ನಾ ಸಾಲ್ಯಾಗ ಓದಿದ್ದು ಸುಳ್ಳೇನು?" ಎಂದಳು.

ಆ ಬೇಸಿಗೆಯಲ್ಲಿ ನಾನು, ಹೆಂಡತಿ, ಮಗಳು ಮೂವರೂ ಮಲ್ಪೆಗೆ ಹೋದೆವು. ಅದೇ ತಾಡಪತ್ರಿಯ ಚೀಲ, ರೊಟ್ಟಿ ಈ ಸಲ ಹೆಂಡತಿಯದು. ದೋಣಿಯವರು ಬೇರೆ, ವಯಸ್ಸಾದವರು. ಭರತ ಬಂದಾಗ ಇಳಿಯುವ ಕಡೆ ಆಳು ಮುಳುಗುವಷ್ಟು ನೀರು ಇರುತ್ತದಲ್ಲವೇ ಎಂದು ಆಸೆಯಿಂದ ಕೇಳಿದೆ. "ಭರತ ಇರ್ಲಿ ಇಳಿತ ಇರ್ಲಿ, ನಾವು ದೋಣಿ ನಿಲ್ಲಿಸುದೇ ಸೊಂಟದ ನೀರಿಗೆ. ಅದಕ್ಕಿಂತ ಕಮ್ಮಿ ಆದ್ರೆ ದೋಣಿ ಮರಳಿಗೆ ಕೂತುಕೊಳ್ತದೆ. ಜಾಸ್ತಿ ಆದ್ರೆ ಜನ ಇಳಿಯುದು ಹೇಗೆ?" ಎಂದರು. "ಈಜಿಕೊಂಡು" ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

ದೋಣಿ ನಿಂತಿತು. ಬಸ್ಸಿನಿಂದ ಇಳಿಯುವವನಂತೆ ಹಿಮ್ಮುಖವಾಗಿ, ಮೆಲ್ಲಗೆ ಇಳಿದೆ. ಕಾಲಿಗೆ ಮರಳು ತಾಗಿತು. "ಎಲ್ಲಿಮಟ ಅದ ಅಪ್ಪಾ?" ಎಂದು ಮಗಳು ಬಗ್ಗಿ ಕೇಳಿದಳು. ಮೂರು ಅಲೆ ಹೋಗುವವರೆಗೆ ಕಾದು ನೋಡಿದೆ. ಸೊಂಟ. ಮೊಣಕಾಲಲ್ಲವೇ ಅಲ್ಲ. ಮೈಬೂಬ ಅಷ್ಟರಮಟ್ಟಿಗೆ ಸುಳ್ಳುಗಾರ! "ಸೊಂಟದ ನೀರಾಗ ಯಾರರ ಈಜ್ತಾರೇನ್ರಿ?" ಎಂದಳು ಹೆಂಡತಿ. ನಾನು ಉತ್ತರ ಹುಡುಕುವಷ್ಟರಲ್ಲಿ ಮಗಳು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದಳು. ಕೂಗಿದಳು, ಮೊಣಕಾಲು ಎದೆಗೆ ಮಡಚಿದಳು, ಹಾರಿದಳು. ಮುಳುಗಿ ಎದ್ದವಳು ಕಣ್ಣು ಮುಚ್ಚಿಕೊಂಡು ದ್ವೀಪದ ಕಡೆಗೆ ಈಜತೊಡಗಿದಳು. ದೋಣಿಯ ಜನರೆಲ್ಲ ಚಪ್ಪಾಳೆ ತಟ್ಟಿದರು.

ಚೀಲ, ರೊಟ್ಟಿಯ ಗಂಟು, ಅವಳ ಚಪ್ಪಲಿ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡು ನಾನು ಅವಳ ಬಾಜೂಕ ನಡೆಯುತ್ತ ಹೋದೆ. ಏಳು ಎಂದು ಹೇಳಲಿಲ್ಲ. ಅಂದು ಮೈಬೂಬ ನನಗೆ ಹೇಳಿದ್ದನೋ ಇಲ್ಲವೋ, ನನಗೆ ಈಗಲೂ ಅನುಮಾನ. ದಡ ಸೇರಿದ ಮೇಲೆ, ಬಹಳ ವರ್ಷಗಳಿಂದ ಬಾಕಿಯಿದ್ದ ಒಂದು ಸಂಗತಿಯನ್ನು ಮಾತ್ರ ಗಂಟು ಬಿಚ್ಚಿ ಒಂದೊಂದಾಗಿ ಎತ್ತಿ ನೋಡಿ ಖಚಿತಪಡಿಸಿಕೊಂಡೆ: ಒಂದು ರೊಟ್ಟಿಯೂ ತೋಯ್ದಿರಲಿಲ್ಲ.