ಸಂಶೋಧನೆಗೊಂದು ಜ್ವರ

ಕಾಲೇಜಿನ ಕೆಲಸ ಮುಗಿಯಬೇಕಾದರೆ ಕಾಲೇಜಿಗೆ ಹೋಗಬಾರದು ಎಂಬ ಮಹಾಸತ್ಯ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಹೊಳೆದದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಇಂಥ ಸತ್ಯಗಳು ಬಾಯಿ ತುಂಬ ನೊರೆ ಇರುವಾಗಲೇ ಹೊಳೆಯುವುದರಿಂದ ಲೋಕ ಎಷ್ಟೋ ಅನಾಹುತಗಳಿಂದ ಪಾರಾಗಿದೆ. ಮೇಷ್ಟ್ರು ಮಾತ್ರ ಬಾಯಿ ಮುಕ್ಕಳಿಸಿ ಬಂದು ಹೆಂಡತಿಗೆ ಹೇಳಿಯೇಬಿಟ್ಟರು.

“ಪ್ರಿನ್ಸಿಪಾಲರಿಗೆ ಫೋನ್ ಮಾಡಿ ನನಗೆ ಹುಷಾರಿಲ್ಲ ಅನ್ನು.”

ಮೇಷ್ಟ್ರ ಪಾಡೂ ಹಾಗೇ ಇತ್ತು. ಪಾಠ ಮಾಡಬೇಕು. ಪಾಠದ ಸಂದಿಯಲ್ಲಿ ಸಂಶೋಧನೆ ಮಾಡಬೇಕು. ಆ ಸಂದಿಯ ಸಂದಿಯಲ್ಲಿ ಪ್ರವೇಶ ಸಮಿತಿ, ಶಿಸ್ತು ಸಮಿತಿ, ಹಾಸ್ಟೆಲ್ ಊಟದ ರುಚಿ ನೋಡುವ ಸಮಿತಿ, ಶೌಚಾಲಯ ಉಸ್ತುವಾರಿ ಸಮಿತಿ. (ಕೊನೆಯ ಎರಡನ್ನೂ ಒಬ್ಬರಿಗೇ ವಹಿಸಿದ್ದು ಪ್ರಿನ್ಸಿಪಾಲರ ದೂರದೃಷ್ಟಿ.) ನೌಕರಿ ಇನ್ನೂ ಕಾಯಂ ಆಗಿರಲಿಲ್ಲ; ಹಾಗಾಗಿ ‘ಆಗಲ್ಲ’ ಎಂಬ ಪದ ಅವರ ಶಬ್ದಕೋಶದಲ್ಲೇ ಇರಲಿಲ್ಲ. ಕಾಯಂ ಆಗಲು ಈ ವರ್ಷ ವಿಚಾರ ಸಂಕಿರಣದಲ್ಲೊಂದು ಪ್ರಬಂಧ ಮಂಡಿಸಲೇಬೇಕು. ಅದನ್ನು ಕಳಿಸಲು ಇವತ್ತು ಸಂಜೆಯೇ ಗಡುವು. ವಿಷಯ, ಇರುವೆಗಳಲ್ಲಿ ಶ್ರಮ ವಿಭಜನೆ. ಕಾಲೇಜಿನ ಹಿತ್ತಲಿನ ಗೂಡೊಂದರಲ್ಲಿ ಅರ್ಧಕ್ಕರ್ಧ ಇರುವೆಗಳು ದಿನವಿಡೀ ಏನೂ ಮಾಡದೆ ಸುಮ್ಮನೆ ನಿಂತಿರುತ್ತವೆಂದು ಮೇಷ್ಟ್ರು ಕಂಡುಹಿಡಿದಿದ್ದರು.

“ಅದಕ್ಕೆ ಇರುವೆ ಗೂಡೇ ಯಾಕ್ರೀ ಬೇಕಿತ್ತು?” ಎಂದಿದ್ದಳು ಹೆಂಡತಿ. “ಭಾನುವಾರ ನಮ್ಮನೇಲೇ ನೋಡಬಹುದಿತ್ತಲ್ಲ.”

ಈಗ ಆಕೆ ಫೋನ್ ಹಿಡಿದು ಗದ್ಗದಿತಳಾದಳು. “ಸರ್, ಇವರಿಗೆ ಕೆಂಡದಂಥ ಜ್ವರ. ಎದ್ದು ಕೂರೋಕೂ ಆಗ್ತಿಲ್ಲ. ರಾತ್ರಿಯೆಲ್ಲ ಕಾಲೇಜು, ಕಾಲೇಜು ಅಂತ ಕನವರಿಸಿದಾರೆ.”

“ಇಷ್ಟೊಂದು ಯಾಕೆ? ನೆಗಡಿ ಅಂದಿದ್ರೆ ಸಾಕಾಗ್ತಿತ್ತು!” ಎಂದರು ಮೇಷ್ಟ್ರು, ಆಕೆ ಫೋನಿಟ್ಟ ಮೇಲೆ.

“ನೆಗಡಿ ಅಂದ್ರೆ ಮೂಗು ಒರೆಸಿಕೊಂಡು ಬಾ ಅಂತಾರೆ. ನೀವು ಬರೀರಿ ಸುಮ್ನೆ.”

ಮೇಷ್ಟ್ರು ಬರೆದರು. ಆಹಾ, ಎಂಥ ನೆಮ್ಮದಿ! ಗಂಟೆಯಿಲ್ಲ, ಹಾಜರಿಯಿಲ್ಲ, ನಲ್ಲಿ ಸೋರುತ್ತಿದೆಯೆಂದು ಹೇಳಲು ಬರುವವರಿಲ್ಲ. ಮಧ್ಯಾಹ್ನ ದಾಟುವ ಹೊತ್ತಿಗೆ ಇರುವೆಗಳೆಲ್ಲ ಸಾಲಾಗಿ ಪ್ರಬಂಧದೊಳಗೆ ಬಂದು ನಿಂತಿದ್ದವು. ಉಪಸಂಹಾರದ ಕೊನೆಯ ವಾಕ್ಯವೊಂದು ಬಾಕಿ. ಅಷ್ಟರಲ್ಲಿ ಕಿಟಕಿಯ ಬಳಿ ನಿಂತಿದ್ದ ಹೆಂಡತಿ ಚೀರಿದಳು. “ರೀ, ನಿಮ್ಮ ಪ್ರಿನ್ಸಿಪಾಲ್ರು! ಗೇಟು ತೆಗೀತಿದಾರೆ!”

ಮೇಷ್ಟ್ರು ಲ್ಯಾಪ್‌ಟಾಪನ್ನು ಮಗುವಿನಂತೆ ಎದೆಗವಚಿಕೊಂಡು ಮಂಚಕ್ಕೆ ಹಾರಿದರು. ಹೆಂಡತಿ ಕಂಬಳಿ ಹೊದಿಸಿದಳು. ಹಳೆಯ ಲ್ಯಾಪ್‌ಟಾಪು, ಸುಮ್ಮನಿದ್ದರೂ ಬಿಸಿಯಾಗುವ ಜಾತಿಯದು. ಕಂಬಳಿಯೊಳಗೆ ಎದೆಯಿಂದ ಹೊಟ್ಟೆಯವರೆಗೆ ಸಿಕ್ಕಿಕೊಂಡು ಅದು ರೋಷದಿಂದ ಗುರುಗುಟ್ಟತೊಡಗಿತು.

ಪ್ರಿನ್ಸಿಪಾಲರು ಮಂಚದ ಅಂಚಿಗೆ ಕುಳಿತು ಕಂಬಳಿಯ ಮೇಲೆ ಕೈಯಿಟ್ಟರು. ಥಟ್ಟನೆ ತೆಗೆದರು.

“ಅಯ್ಯಯ್ಯೋ! ಕಂಬಳಿ ಮೇಲೇ ಇಷ್ಟು ಬಿಸಿ! ಏನಮ್ಮ ಅದು, ಎದೇಲಿ ಗರ್ರ್ ಅಂತಿದೆ?”

“ಕಫ ಸರ್,” ಎಂದಳು ಹೆಂಡತಿ, ಕಣ್ಣು ಮಿಟುಕಿಸದೆ.

ಮೇಷ್ಟ್ರ ಮುಖದಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಪ್ರಿನ್ಸಿಪಾಲರ ಕಣ್ಣಲ್ಲಿ ನೀರಾಡಿತು. “ತಪ್ಪು ನನ್ನದೇ. ಕಂಡ ಕಂಡ ಕೆಲಸವೆಲ್ಲ ನಿಮ್ಮ ತಲೆಗೆ ಕಟ್ಟಿದೆ. ಮನುಷ್ಯನಿಗೆ ಒಂದು ಮಿತಿ ಬೇಡವೇ? ಈಗಲೇ ಒಂದು ಭಾರ ಇಳಿಸ್ತೀನಿ.”

ಮೇಷ್ಟ್ರ ಹೃದಯ ಲ್ಯಾಪ್‌ಟಾಪಿನ ಕೆಳಗೇ ಕುಣಿಯಿತು. ಯಾವುದು ಹೋಗಬಹುದು? ಹಾಸ್ಟೆಲ್ಲೋ? ಶೌಚಾಲಯವೋ? ದೇವರೇ, ಶೌಚಾಲಯವೇ ಹೋಗಲಿ!

ಪ್ರಿನ್ಸಿಪಾಲರು ಫೋನ್ ತೆಗೆದರು. “ಹಲೋ, ಏನಪ್ಪಾ, ನಿನ್ನ ವಿಚಾರ ಸಂಕಿರಣಕ್ಕೆ ನಮ್ಮ ಇರುವೆ ಮೇಷ್ಟ್ರು ಪ್ರಬಂಧ ಕಳಿಸೋಕಾಗಲ್ಲ, ಪಾಪ, ಹಾಸಿಗೆ ಹಿಡಿದಿದಾರೆ. ಹೆಸರು ತೆಗೆದುಬಿಡು.” ಫೋನಿಟ್ಟು ಪ್ರಸನ್ನರಾಗಿ ನಕ್ಕರು. “ನನ್ನ ಸಹಪಾಠಿ ಅವನು. ಕಾಯ್ತಿದ್ದ ಇನ್ನೊಬ್ಬರಿಗೆ ನಿಮ್ಮ ಜಾಗ ಕೊಟ್ಟೂ ಆಯ್ತಂತೆ. ಇನ್ನು ನಿಶ್ಚಿಂತೆಯಿಂದ ಮಲಗಿ. ಕಾಯಂ ವಿಷಯ ಮುಂದಿನ ವರ್ಷ ನೋಡೋಣ, ಅದೇನು ಓಡಿಹೋಗುತ್ಯೇ?”

“ಸರ್!” ಮೇಷ್ಟ್ರು ಅರಚಿದರು. “ಪ್ರಬಂಧ ಮುಗಿದಿದೆ ಸರ್! ಇಲ್ಲೇ ಇದೆ! ಹೊಟ್ಟೆ ಮೇಲಿದೆ!”

ಪ್ರಿನ್ಸಿಪಾಲರು ಗಾಬರಿಯಿಂದ ಹೆಂಡತಿಯ ಕಡೆ ತಿರುಗಿದರು. “ಪ್ರಬಂಧ ಹೊಟ್ಟೆ ಮೇಲಿದೆಯಂತೆ!”

ಮೇಷ್ಟ್ರು ಕಂಬಳಿ ಕಿತ್ತೆಸೆಯಲು ಹೊರಟರು. ಸುಳ್ಳು ರಜೆ ಬಯಲಾದರೆ ಕಾಯಂ ಹಾಗಿರಲಿ, ಇರುವ ನೌಕರಿಯೂ ಉಳಿಯುವುದಿಲ್ಲವೆಂದು ಅವರಿಗಿಂತ ಮೊದಲು ಹೊಳೆದದ್ದು ಹೆಂಡತಿಗೆ. ಕಂಬಳಿಯ ಎರಡೂ ಅಂಚು ಹಾಸಿಗೆಯಡಿ ತುರುಕಿ, ಮೇಲೊಂದು ದಿಂಬನ್ನೂ ಅದುಮಿ ಹಿಡಿದಳು.

“ಬೆಳಿಗ್ಗೆಯಿಂದ ಹೀಗೇ ಸರ್. ಸ್ವಲ್ಪ ಹೊತ್ತಿನ ಮುಂಚೆ ಮೈಮೇಲೆಲ್ಲ ಇರುವೆ ಅಂತಿದ್ರು.”

ಪ್ರಿನ್ಸಿಪಾಲರು ಕಣ್ಣೊರೆಸಿಕೊಳ್ಳುತ್ತ ಹೋದರು.

ಸಂಜೆ ಕಾಲೇಜಿನ ಆಫೀಸಿನಿಂದ ಫೋನ್ ಬಂತು. ಸುಟ್ಟ ಹೊಟ್ಟೆಗೆ ಮುಲಾಮು ಹಚ್ಚಿಕೊಂಡು ಸೂರು ನೋಡುತ್ತ ಮಲಗಿದ್ದ ಮೇಷ್ಟ್ರಿಗೆ ಕೈಯೆತ್ತುವ ಮನಸ್ಸೂ ಇರಲಿಲ್ಲ. ಹೆಂಡತಿಯೇ ಮಾತಾಡಿ ಬಂದಳು.

“ನಿಮ್ಮನ್ನ ನೋಡಿ ಹೋದಾಗಿಂದ ಸರ್‌ಗೆ ಮನಸ್ಸೇ ತಡೀಲಿಲ್ಲವಂತೆ. ಹೊಸದೊಂದು ಸಮಿತಿ ಮಾಡಿದಾರೆ. ಹುಷಾರಿಲ್ಲ ಅಂತ ರಜೆ ಹಾಕಿದೋರ ಮನೆಗೆ ಅವತ್ತೇ ಹೋಗಿ ನೋಡಿ ಬರೋದು. ಸಂಶೋಧನೆ ಇಲ್ದೆ ಬಿಡುವಾಗಿರೋರು ನೀವೊಬ್ರೇ ಅಲ್ವಾ, ಅದಕ್ಕೆ ನಿಮ್ಮನ್ನೇ ಸಂಚಾಲಕರನ್ನ ಮಾಡಿದಾರೆ.”

ಹೆಂಡತಿ ಮೇಷ್ಟ್ರ ಹಣೆ ಮುಟ್ಟಿದಳು. ಈ ಸಲ ನಿಜವಾಗಿಯೂ ಸುಡುತ್ತಿತ್ತು.

“ರೀ, ನಾಳೆಗೂ ರಜೆ ಹೇಳಿಬಿಡ್ಲಾ?”

“ಬೇಡ ಕಣೇ,” ಎಂದರು ಮೇಷ್ಟ್ರು ಕ್ಷೀಣವಾಗಿ. “ಹೇಳಿದ್ರೆ ನೋಡೋಕೆ ನಾನೇ ಬರಬೇಕಾಗುತ್ತೆ.”