ಶತ್ರುವಿಲ್ಲದ ಮನೆಗೆ ಕಾವಲು

ಅಪ್ಪನಾಗಲಿರುವ ಗಂಡಸಿನಷ್ಟು ನಿರುಪಯೋಗಿ ಪ್ರಾಣಿ ಇನ್ನೊಂದಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನಾದ್ದರಿಂದ ಈ ಮಾತನ್ನು ಅಧಿಕಾರದಿಂದಲೇ ಹೇಳುತ್ತೇನೆ. ಹೊರುವುದು ಹೆಂಡತಿ, ವಾಂತಿ ಅವಳದ್ದು, ಸೊಂಟನೋವೂ ಅವಳದ್ದೇ. ನಮಗೆ ಉಳಿಯುವುದು ಕೂತಲ್ಲಿ ಕೂರಲಾಗದ ಚಡಪಡಿಕೆ. ಅದನ್ನಾದರೂ ಕೆಲಸಕ್ಕೆ ಹಚ್ಚೋಣವೆಂದು, ಹೆಂಡತಿ ಅಕ್ಷತಾಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ, ನಾನು ಜೆಪ್ಪುವಿನ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಸ್ಯಾನಿಟೈಸರ್ ಹಿಡಿದು ಕಾವಲಿಗೆ ನಿಂತೆ. ಮೀನು ತರುವ ಹೆಂಗಸನ್ನು ಗೇಟಿನಲ್ಲೇ ತಡೆದೆ. ಕಂಕನಾಡಿ ಮಾರ್ಕೆಟಿನ ಬಸಳೆಗೆ ಉಪ್ಪುನೀರಿನ ಸ್ನಾನ ಮಾಡಿಸಿದೆ. ಒಂದು ಸಲ ಸೀನಿದ ತಪ್ಪಿಗೆ ಅವಳಣ್ಣನನ್ನು ಚಾ ಕೂಡ ಕೊಡದೆ ವಾಪಸು ಕಳಿಸಿದೆ.

ಅದೇ ಎಡವಟ್ಟಾಯಿತು. ಅಣ್ಣನಿಗಾದ ಮರ್ಯಾದೆ ನೋಡಿ ಅಕ್ಷತಾ ಬ್ಯಾಗು ತುಂಬತೊಡಗಿದಳು. ಸೀಮಂತದ ಬಯಕೆ ಶಾಸ್ತ್ರ ಮುಗಿಸಿಯೇ ಬೋಳಾರದ ತವರಿಗೆ ಹೋಗಬೇಕಿದ್ದವಳು ನಾಳೆಯೇ ಹೊರಡುತ್ತೇನೆ ಎಂದಳು. ಮಗು ಹುಟ್ಟುವವರೆಗೂ ಅವಳ ಹತ್ತಿರವೇ ಇರಬೇಕೆಂಬುದು ನನ್ನ ಆಸೆ.

ಮೇಷ್ಟ್ರಿಗೆ ಭಯವಾದರೆ ಬಾಯಿಗೆ ಬರುವುದು ಪಾಠವೇ. ಕೋಣೆಯಿಂದ ಕೋಣೆಗೆ ಅವಳ ಹಿಂದೆಯೇ ನಡೆದು ವಿವರಿಸಿದೆ. ಭ್ರೂಣ ಎಳ್ಳಿನಷ್ಟಿರುವಾಗಲೇ, ಮೂಳೆಯಾಗಲಿ ಮಜ್ಜೆಯಾಗಲಿ ಇಲ್ಲದ ಕಾಲದಲ್ಲಿ, ಅದಕ್ಕೆ ಅಂಟಿಕೊಂಡ ಪುಟ್ಟ ಚೀಲವೊಂದರಲ್ಲಿ ರೋಗಾಣುಗಳನ್ನು ತಡೆಯುವ ಮೊದಲ ಕಾವಲು ಕೋಶಗಳು ಹುಟ್ಟುತ್ತವೆ. ಅಲ್ಲಿಂದ ಹೊರಟು ಮೈಯೆಲ್ಲ ಸೇರುತ್ತವೆ. ಮಿದುಳಿಗೆ ಹೋದವು ಜೀವಮಾನವಿಡೀ ಅಲ್ಲೇ ಬಿಡಾರ ಹೂಡುತ್ತವೆ. ಇಂಥ ಕೋಶ ತಯಾರಿಸುವ ಕೆಲಸ ಆಮೇಲೆ ಯಕೃತ್ತಿಗೆ, ಕೊನೆಗೆ ಮಜ್ಜೆಗೆ ಹೋಗುತ್ತದೆ. ಪ್ರಕೃತಿಯೇ ಕಾವಲಿಗೆ ಇಷ್ಟು ಅವಸರ ಮಾಡುವಾಗ ನನ್ನದೇನು ತಪ್ಪು ಎಂದು ಕೇಳಿದೆ.

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ಹೊಟ್ಟೆಯೊಳಗೆ ಯಾವ ಶತ್ರು ಉಂಟು? ಅಷ್ಟು ದಿನ ಅವು ಎಂತ ಮಾಡ್ತವೆ ಮಾರಾಯ್ರೇ?"

ಪಾಠದಲ್ಲಿ ನನಗೆ ಸುಳ್ಳು ಬರುವುದಿಲ್ಲ. ಸತ್ತ ಕೋಶಗಳನ್ನು ಗುಡಿಸುತ್ತವೆ, ಕಸ ತಿಂದು ಚೊಕ್ಕ ಮಾಡುತ್ತವೆ, ಮಿದುಳಿನಲ್ಲಿ ನರಗಳ ಜೋಡಣೆಗೂ ನೆರವಾಗುತ್ತವೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಸಣ್ಣದಾಯಿತು.

"ಅಂದ್ರೆ ಮನೆ ಕೆಲಸ," ಎಂದಳು.

ಆ ಹೊಟ್ಟೆ ಹೊತ್ತು ಬಗ್ಗಿ ಅವಳೇ ಗುಡಿಸಿದ ನೆಲದ ಮೇಲೆ ನಾನು ನಿಂತಿದ್ದೆ. ನಾಚಿಕೆಯಾಯಿತು. ಹಿಡಿಸೂಡಿ ತೆಗೆದುಕೊಂಡು ಗುಡಿಸುತ್ತಾ ಮಂಚದಡಿಗೆ ನುಗ್ಗಿದೆ. ಪಾತ್ರೆ ತೊಳೆದೆ, ಬಚ್ಚಲು ತಿಕ್ಕಿದೆ. ಸಂಜೆ ಅವಳು ತವರಿಗೆ ಫೋನು ಮಾಡಿ ತುಂಬಾ ಹೊತ್ತು ನಕ್ಕಳು. ಇನ್ನು ಹೋಗಲಾರಳು ಎಂದು ನನ್ನ ಜೀವ ತಂಪಾಯಿತು.

"ನಾಳೆ ನೀವೂ ಬರ್ಬೇಕಂತೆ. ಮಗು ಆಗುವವರೆಗೆ ಅಲ್ಲೇ ಇರಿ ಅಂತ ಅಮ್ಮ ಹೇಳಿದ್ರು."

ಅತ್ತೆಯ ಪ್ರೀತಿಗೆ ನನ್ನ ಕಣ್ಣು ಒದ್ದೆಯಾಗುವಷ್ಟರಲ್ಲಿ ಅವಳು ಸೇರಿಸಿದಳು, "ಅಲ್ಲಿ ಕೆಲಸದವರು ಬಿಟ್ಟು ಹೋಗಿದ್ದಾರೆ."

ಹೋದೆ. ಈಗ ಕಾಲೇಜಿನ ಹೊತ್ತು ಬಿಟ್ಟರೆ ದಿನವಿಡೀ ಅವಳ ಹತ್ತಿರವೇ ಇದ್ದೇನೆ. ಕಾಲೆತ್ತು ಎಂದರೆ ಎತ್ತುತ್ತಾಳೆ. ನಾನು ನೆಲ ಒರೆಸಿಕೊಂಡು ಮುಂದೆ ಹೋಗುತ್ತೇನೆ.